ವಾರ್ನಿಶ್ ಕಾಣದ ಹೂಜಿ

ಎರಡು ಈಸೆಲ್, ಎರಡು ಚಿತ್ರ. ಬಂದದ್ದು ಇಬ್ಬರು ಬೇರೆ ಬೇರೆ ಮಾರಾಟಗಾರರಿಂದ, ಬರೆದ ಕೈ ಮಾತ್ರ ಒಂದೇ. ಎರಡೂ 1920ರ ದಶಕದ ಮೊದಲ ಭಾಗದವು, ಎರಡೂ ಸ್ಟಿಲ್ ಲೈಫ್, ಅಂದರೆ ಮೇಜಿನ ಮೇಲೆ ಜೋಡಿಸಿಟ್ಟ ವಸ್ತುಗಳ ಚಿತ್ರ. ಎಡಗಡೆಯದರಲ್ಲಿ ಗಿಟಾರು, ದ್ರಾಕ್ಷಿ ಗೊಂಚಲು, ಹಣ್ಣಿನ ತಟ್ಟೆ. ಅದರ ಕಪ್ಪು ಬಾವಿಯ ನೀರಿನಂತೆ ಆಳವಾಗಿತ್ತು, ಹಸಿರು ಮಿರಮಿರ ಮಿಂಚುತ್ತಿತ್ತು. ಬಲಗಡೆಯದರಲ್ಲಿ ಮೇಜಿನ ಒಂದು ಮೂಲೆ, ಅದರ ಮೇಲೆ ಹೂಜಿ, ಗಾಜಿನ ಲೋಟ, ಮಡಿಸಿಟ್ಟ ದಿನಪತ್ರಿಕೆ. ಸೀಮೆಸುಣ್ಣದ ಪುಡಿ ಕೂತಂತೆ ಮಂಕು ಮಂಕು. ಮ್ಯೂಸಿಯಂ ಬಳಿ ಇದ್ದ ಹಣ ಒಂದಕ್ಕೆ ಮಾತ್ರ ಸಾಲುತ್ತಿತ್ತು. ಕೋಣೆಯಲ್ಲಿದ್ದವರೆಲ್ಲ ಎಡಕ್ಕೆ ತಿರುಗಿ ನಿಂತಿದ್ದರು.

ನಾನು ಅಲ್ಲಿ ವರ್ಣಚಿತ್ರಗಳ ಸಂರಕ್ಷಣೆಯ ಕೆಲಸದಲ್ಲಿದ್ದೇನೆ. ಯಾವುದನ್ನು ಕೊಳ್ಳಬೇಕೆಂದು ಹೇಳುವುದು ಸಂಗ್ರಹದ ಹೊಣೆ ಹೊತ್ತ ಕ್ಯುರೇಟರ್ ಮತ್ತು ಖರೀದಿ ಸಮಿತಿಯ ಕೆಲಸ. ಕೊಳ್ಳಲು ಹೊರಟದ್ದು ನಿಜಕ್ಕೂ ಏನು, ಯಾವ ಸ್ಥಿತಿಯಲ್ಲಿದೆ ಎಂದು ಹೇಳುವುದು ನನ್ನ ಕೆಲಸ. ಕೊನೆಗೆ ಬಂದದ್ದು ಹೂಜಿಯ ಚಿತ್ರ. ಮೊದಲ ದಿನದಿಂದ ಗೋಡೆಗೆ ಏರುವವರೆಗೆ ಹದಿನಾಲ್ಕು ತಿಂಗಳು ಹಿಡಿಯಿತು. ಮಾರಿದ ಮನೆಯವರು ತಮ್ಮ ಗುರುತು ಹೊರಬರಬಾರದೆಂದು ಕೇಳಿಕೊಂಡಿದ್ದಾರೆ. ಕಲಾವಿದನ ಹೆಸರು ಹೇಳಿದರೆ ಅದೂ ಗೊತ್ತಾಗಿಬಿಡುತ್ತದೆ, ಹಾಗಾಗಿ ಅದನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

ಮೊದಲು ವಾರ್ನಿಶ್ ವಿಷಯ, ಏಕೆಂದರೆ ಈ ಕಥೆಯೆಲ್ಲ ಅದರ ಸುತ್ತಲೇ ಇದೆ. ಹಳೆಯ ತೈಲಚಿತ್ರಗಳಿಗೆ ಕೊನೆಯಲ್ಲಿ ವಾರ್ನಿಶ್ ಹಚ್ಚುವುದು ರೂಢಿ. ಬಣ್ಣಕ್ಕೆ ಆಳ ಬರುತ್ತದೆ, ಧೂಳಿನಿಂದ ರಕ್ಷಣೆ ಸಿಗುತ್ತದೆ. ಆಧುನಿಕರಲ್ಲಿ ಹಲವರಿಗೆ ಅದು ಬೇಡವಾಗಿತ್ತು. ಪಿಸಾರೊ ತನ್ನ ಒಂದು ಚಿತ್ರದ ಹಿಂಬದಿಯಲ್ಲೇ ದಯವಿಟ್ಟು ವಾರ್ನಿಶ್ ಹಚ್ಚಬೇಡಿ ಎಂದು ಬರೆದಿಟ್ಟಿದ್ದ. ಪಿಕಾಸೊ ಮತ್ತು ಬ್ರಾಕ್ ತಮ್ಮ ಕ್ಯೂಬಿಸ್ಟ್ ಚಿತ್ರಗಳಿಗೆ, ಅಂದರೆ ವಸ್ತುವನ್ನು ಒಡೆದು ಹಲವು ಕೋನಗಳಿಂದ ಒಟ್ಟಿಗೆ ತೋರಿಸುವ ಚಿತ್ರಗಳಿಗೆ, ಒಣ ಮೈಯನ್ನೇ ಬಯಸಿದರು. ಬ್ರಾಕ್ ಹುಟ್ಟಿದ್ದು ಮನೆಗಳಿಗೆ ಬಣ್ಣ ಹೊಡೆಯುವವರ ಕುಟುಂಬದಲ್ಲಿ. ಆ ಕಸುಬನ್ನು ಕಲಿತವನು. ಹಸಿ ಬಣ್ಣದ ಮೇಲೆ ಬಾಚಣಿಗೆ ಎಳೆದು ಮರದ ಎಳೆ ಮೂಡಿಸುವ ಪೇಂಟರ್‌ಗಳ ಉಪಾಯವನ್ನು ಅವನು ಕ್ಯಾನ್ವಾಸಿಗೆ ತಂದ. 1912ರ ಹೊತ್ತಿಗೆ ಬಣ್ಣಕ್ಕೆ ಮರಳು ಬೆರೆಸತೊಡಗಿದ. ಪಿಕಾಸೊ ಅದೇ ವರ್ಷ ರಿಪೋಲಿನ್ ಎಂಬ ಮನೆಗೆ ಹೊಡೆಯುವ ಎನಾಮೆಲ್ ಬಣ್ಣವನ್ನು ಚಿತ್ರಕ್ಕೆ ಬಳಸಿದ. ಒಂದೇ ಚಿತ್ರದಲ್ಲಿ ಒಂದು ಕಡೆ ನುಣುಪು, ಪಕ್ಕದಲ್ಲಿ ಒರಟು, ಅದರಾಚೆ ಸುಣ್ಣ ಬಳಿದಂಥ ಒಣಕಲು. ಗಾಜು ಯಾವುದು, ಕಾಗದ ಯಾವುದು, ಮರ ಯಾವುದು ಎನ್ನುವುದನ್ನು ಅವರು ಆಕಾರದಿಂದ ಹೇಳಿದಷ್ಟೇ ಮೈಯಿಂದಲೂ ಹೇಳಿದರು. ಇದರ ಮೇಲೆಲ್ಲ ಒಂದು ಪದರ ವಾರ್ನಿಶ್ ಎಳೆದರೆ ಮೂರು ದನಿಗಳಲ್ಲಿ ಆಡಿದ ಮಾತು ಒಂದೇ ದನಿಯಾಗುತ್ತದೆ.

ಆದರೂ ಎಳೆದರು. ಚಿತ್ರ ಕೈ ಬದಲಾಯಿಸಿದಂತೆಲ್ಲ ಹೊಸ ಒಡೆಯನಿಗೆ ಅದು ಮಂಕಾಗಿ ಕಂಡಿತು. ಜೊತೆಗೆ ಲೈನಿಂಗ್ ಬಂತು: ಹಳೆಯ ಕ್ಯಾನ್ವಾಸಿನ ಬೆನ್ನಿಗೆ ಹೊಸ ಕ್ಯಾನ್ವಾಸನ್ನು ಬಿಸಿ ಮೇಣ ಮತ್ತು ರಾಳದಿಂದ ಅಂಟಿಸುವುದು. 19ನೇ ಶತಮಾನದಲ್ಲಿ ನೆದರ್ಲೆಂಡ್ಸ್‌ನಲ್ಲಿ ಬೆಳೆದ ಪದ್ಧತಿ ಇದು. ಬಲವಾದ ಪ್ರೈಮರ್ (ಬಣ್ಣಕ್ಕೆ ಮೊದಲು ಕ್ಯಾನ್ವಾಸಿಗೆ ಬಳಿಯುವ ತಳ) ಇರುವ ಹಳೆಯ ಚಿತ್ರ ಅದನ್ನು ತಡೆದುಕೊಂಡೀತು. ತೆಳುವಾಗಿ, ಹೀರಿಕೊಳ್ಳುವ ಬಿಳಿ ತಳದ ಮೇಲೆ ಬರೆದ ಆಧುನಿಕ ಚಿತ್ರದಲ್ಲಿ ಮೇಣ ಹಿಂದಿನಿಂದ ಮುಂದಕ್ಕೆ ಇಳಿದು ಬಣ್ಣವನ್ನು ಕಪ್ಪಾಗಿಸುತ್ತದೆ, ಇಸ್ತ್ರಿಯ ಬಿಸಿ ಮತ್ತು ಒತ್ತಡಕ್ಕೆ ಬಣ್ಣದ ಏಣುಗಳು ಚಪ್ಪಟೆಯಾಗುತ್ತವೆ. 1974ರಲ್ಲಿ ಗ್ರೀನ್‌ವಿಚ್‌ನಲ್ಲಿ ಸೇರಿದ ಸಂರಕ್ಷಕರ ಸಮ್ಮೇಳನದಲ್ಲಿ ಲೈನಿಂಗನ್ನು ಸ್ವಲ್ಪ ಕಾಲ ನಿಲ್ಲಿಸೋಣ ಎಂಬ ಕರೆ ಎದ್ದಿತು. ಅಷ್ಟರಲ್ಲಿ ಎಷ್ಟೋ ಚಿತ್ರಗಳಿಗೆ ಆಗಬಾರದ್ದು ಆಗಿಹೋಗಿತ್ತು. ಒಳಗಿಳಿದ ಮೇಣವನ್ನು ಪೂರ್ತಿ ಹೊರತೆಗೆಯುವುದು ಯಾರಿಂದಲೂ ಆಗುವ ಕೆಲಸವಲ್ಲ.

ನಾನು ದೀಪ ಆರಿಸಲು ಹೇಳಿದೆ. ಒಂದು ಟಾರ್ಚನ್ನು ಕ್ಯಾನ್ವಾಸಿಗೆ ಹೆಚ್ಚುಕಡಿಮೆ ತಾಗಿಸಿ, ಬದಿಯಿಂದ ಓರೆಯಾಗಿ ಬೆಳಕು ಹಾಯಿಸುವುದು ನಮ್ಮ ಮೊದಲ ಪರೀಕ್ಷೆ. ಗಿಟಾರಿನ ಚಿತ್ರ ಆ ಬೆಳಕಿನಲ್ಲಿ ಬೋಳುಬೋಳಾಯಿತು. ಕುಂಚದ ಗೆರೆಗಳೇ ಇಲ್ಲ. ಅದರ ಬದಲು ಕ್ಯಾನ್ವಾಸಿನ ನೇಯ್ಗೆ ಬಣ್ಣದ ಮೂಲಕ ಎದ್ದು ಕಾಣುತ್ತಿತ್ತು, ಒತ್ತಿ ಇಸ್ತ್ರಿ ಮಾಡಿದ್ದರ ಗುರುತು ಅದು. ತಿರುಗಿಸಿ ನೋಡಿದರೆ ಬೆನ್ನಿಗೆ ಹೊಸ ಕ್ಯಾನ್ವಾಸು, ಹೊಸ ಮರ. ಹಳೆಯ ಚೀಟಿ, ಮುದ್ರೆ, ಬರಹ ಒಂದೂ ಉಳಿದಿರಲಿಲ್ಲ. ಆ ಬಾವಿಯಂಥ ಕಪ್ಪನ್ನು ಕಲಾವಿದ ಬರೆದಿರಲಿಲ್ಲ. ಅದು ಮೇಣದ ಮತ್ತು ವಾರ್ನಿಶ್‌ನ ಕಪ್ಪು.

ಟಾರ್ಚನ್ನು ಹೂಜಿಯ ಕಡೆ ತಿರುಗಿಸಿದೆ. ಮಂಕು ಮೈ ಎದ್ದು ನಿಂತಿತು. ಹೂಜಿಯ ಹೊಟ್ಟೆಯ ಮೇಲೆ ಅಗಲ ಕುಂಚದ ಒಂದೇ ಎಳೆತ, ಅದರ ಅಂಚಿನಲ್ಲಿ ಬಣ್ಣ ಸಣ್ಣ ಬದುವಿನ ಹಾಗೆ ಕೂತಿದೆ. ಪತ್ರಿಕೆಯ ಬಿಳಿ ತೆಳ್ಳಗೆ, ಲೋಟದ ಗೆರೆ ದಪ್ಪಗೆ. ಹಿಂಬದಿಯಲ್ಲಿ ಮೂಲ ಕ್ಯಾನ್ವಾಸು, ಮೂಲ ಮರ, ಮೂಲೆಗಳಲ್ಲಿ ಬಿಗಿ ಮಾಡುವ ಬೆಣೆಗಳು. ಎಂಟರಲ್ಲಿ ಏಳು ಬೆಣೆ ಹಾಗೇ ಇದ್ದವು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಮೇಜಿನ ಬೂದು ಭಾಗ ಒರಟೊರಟಾಗಿ, ಚುಕ್ಕೆ ಚುಕ್ಕೆಯಾಗಿ ಕಂಡಿತ್ತು. ಯಾರೋ ಹಿಂದೆ ಗಟ್ಟಿಯಾಗಿ ಉಜ್ಜಿ ಬಣ್ಣ ಸವೆಸಿದ್ದಾರೆ ಎಂದು ಮೊದಲ ದಿನದ ಸ್ಥಿತಿ ವರದಿಯಲ್ಲಿ ಬರೆದುಬಿಟ್ಟೆ. ಆ ಒಂದು ಸಾಲಿನಿಂದ ಚಿತ್ರದ ಮೇಲಿನ ಅಭಿಪ್ರಾಯವೇ ಬದಲಾಗಬಹುದಿತ್ತು. ಎರಡನೆಯ ವಾರ ಸೂಕ್ಷ್ಮದರ್ಶಕದಡಿ ಅದೇ ಜಾಗ ನೋಡಿದಾಗ ಬಣ್ಣದೊಳಗೆ ಮರಳಿನ ಹರಳುಗಳು ಕಂಡವು, ಪ್ರತಿಯೊಂದರ ಸುತ್ತಲೂ ಬೂದು ಬಣ್ಣ ಅಂಟಿಕೊಂಡಿದೆ. ಸವೆತವಾಗಿದ್ದರೆ ಹರಳುಗಳ ನೆತ್ತಿ ಬೋಳಾಗಿರಬೇಕಿತ್ತು. ಅದು ಸವೆದ ಮೇಜಾಗಿರಲಿಲ್ಲ, ಅವನು ಹಾಗೇ ಮಾಡಿದ ಮೇಜು. ವರದಿಯ ಹಳೆಯ ಸಾಲನ್ನು ಅಳಿಸಲಿಲ್ಲ. ಅದರ ಕೆಳಗೆ ತಿದ್ದುಪಡಿ ಬರೆದು, ತಾರೀಖು ಹಾಕಿ, ಸಹಿ ಮಾಡಿದೆ. ಮುಂದೆ ನನ್ನ ಜಾಗಕ್ಕೆ ಬರುವವರಿಗೂ ಅದೇ ಬೂದು ಅದೇ ಮೋಸ ಮಾಡಬಹುದು. ಒಬ್ಬರು ಹೀಗೆ ತಪ್ಪಿದ್ದರು ಎಂಬುದು ಅವರಿಗೆ ಗೊತ್ತಿರಲಿ.

ಆ ತಪ್ಪಾದ ಮೇಲೆ ಉಪಕರಣಗಳನ್ನು ಪಕ್ಕಕ್ಕಿಟ್ಟು ಮೂರು ಮಧ್ಯಾಹ್ನ ಸುಮ್ಮನೆ ಚಿತ್ರದ ಎದುರು ಕುಳಿತೆ. ಇದು ಯಾವ ಕೈಪಿಡಿಯಲ್ಲೂ ಇಲ್ಲ, ಆದರೆ ನಾನು ಈಗ ಬಿಡುವುದಿಲ್ಲ. ಮೊದಲ ಮಧ್ಯಾಹ್ನ ಹೂಜಿ, ಲೋಟ, ಪತ್ರಿಕೆ ಅಷ್ಟೇ ಕಂಡವು. ಎರಡನೆಯ ದಿನ ಹೂಜಿಯ ನೆರಳು ಬೆಳಕು ಬರುವ ಕಡೆಗೇ ಬಿದ್ದಿದೆ ಎನ್ನುವುದು ಕಣ್ಣಿಗೆ ಬಿತ್ತು. ಲೋಟದ ಬಾಯಿಯನ್ನು ಮೇಲಿನಿಂದ ನೋಡಿ ಬರೆದಿದ್ದಾನೆ, ಕಾಲನ್ನು ನೇರ ಎದುರಿನಿಂದ. ಮೇಜಿನ ಅಂಚು ಹೂಜಿಯ ಹಿಂದೆ ಹೋಗುವಾಗ ಒಂದು ಎತ್ತರದಲ್ಲಿದ್ದರೆ ಇನ್ನೊಂದು ಬದಿಯಲ್ಲಿ ಹೊರಬರುವಾಗ ಬೆರಳಗಲ ಕೆಳಗಿದೆ. ಮೂರನೆಯ ದಿನ ಹೂಜಿಯ ಹಿಡಿ ಕಂಡಿತು. ಅಲ್ಲಿ ನೀಲಿಗಪ್ಪು ಗೆರೆ ತುಂಬುವ ಮೊದಲೇ ನಿಂತುಬಿಟ್ಟಿದೆ, ಮುಂದಿನ ಎರಡು ಬೆರಳಷ್ಟು ಜಾಗ ಬರಿಯ ಪ್ರೈಮರ್. ಕಣ್ಣು ತಾನಾಗಿ ಆ ಹಿಡಿಯನ್ನು ಪೂರ್ತಿ ಮಾಡಿಕೊಳ್ಳುತ್ತದೆ. ಆ ಖಾಲಿ ಜಾಗದ ಬಿಳಿ ಇನ್ನೂ ಬಿಳಿಯಾಗಿಯೇ ಉಳಿದಿತ್ತು. ಮೇಣ ಇಳಿದಿದ್ದರೆ ಮೊದಲು ಹಾಳಾಗುತ್ತಿದ್ದದ್ದು ಅದೇ.

ಸ್ಟಿಲ್ ಲೈಫನ್ನು ಕೆಳದರ್ಜೆಯದೆಂದು ನೋಡಿದ ಕಾಲವಿತ್ತು. 17ನೇ ಶತಮಾನದ ಫ್ರೆಂಚ್ ಚಿತ್ರಕಲಾ ಅಕಾಡೆಮಿಯಲ್ಲಿ ಫೆಲಿಬಿಯೆನ್ ಎಂಬ ಬರಹಗಾರ ಚಿತ್ರಪ್ರಕಾರಗಳಿಗೆ ಮೆಟ್ಟಿಲು ಕಟ್ಟಿದಾಗ ಪುರಾಣ ಮತ್ತು ಇತಿಹಾಸದ ಚಿತ್ರ ಮೇಲೆ, ಹಣ್ಣು ಹೂವು ಕೆಳಗೆ. ಫ್ರೆಂಚರು ಅದನ್ನು ಕರೆಯುವ ಹೆಸರಿನ ಅರ್ಥವೇ ಸತ್ತ ಪ್ರಕೃತಿ. ಕೆಳಗಿನ ಮೆಟ್ಟಿಲಲ್ಲಿ ಇದ್ದದ್ದೇ ಅದಕ್ಕೆ ಒಳ್ಳೆಯದಾಯಿತು ಎಂದು ನನಗನ್ನಿಸುತ್ತದೆ. ಮೇಜಿನ ಮೇಲಿನ ಸೇಬಿಗೆ ಹೇಳಬೇಕಾದ ಕಥೆಯಿಲ್ಲ, ಕೂರಿಸಿದ ಕಡೆ ಕೂರುತ್ತದೆ, ಮುಖ ಹೋಲುತ್ತಿಲ್ಲ ಎಂದು ದೂರುವುದಿಲ್ಲ. ಸೆಜಾನ್ ಎಷ್ಟು ನಿಧಾನವಾಗಿ ಬರೆಯುತ್ತಿದ್ದನೆಂದರೆ ನಿಜವಾದ ಹೂವು ಬಾಡಿಹೋಗುತ್ತದೆಂದು ಕೃತಕ ಹೂಗಳನ್ನು ಇಟ್ಟುಕೊಳ್ಳುತ್ತಿದ್ದ. ಅವನು ತೀರಿಹೋದ ಮರುವರ್ಷ, 1907ರಲ್ಲಿ, ಪ್ಯಾರಿಸ್‌ನಲ್ಲಿ ನಡೆದ ದೊಡ್ಡ ಪ್ರದರ್ಶನ ಮುಂದಿನ ಪೀಳಿಗೆಯನ್ನೇ ಅಲುಗಿಸಿತು. 1912ರಲ್ಲಿ ಪಿಕಾಸೊ ಒಂದು ಸಣ್ಣ ಅಂಡಾಕಾರದ ಸ್ಟಿಲ್ ಲೈಫಿಗೆ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯನ್ನು ಅಂಟಿಸಿ, ಸುತ್ತ ಫ್ರೇಮಿನ ಬದಲು ಹಗ್ಗ ಕಟ್ಟಿದ. ಮೊರಾಂಡಿ ಜೀವಮಾನವೆಲ್ಲ ಬೊಲೊನ್ಯಾದ ಒಂದು ಮನೆಯಲ್ಲಿ ಅವೇ ಬಾಟಲಿ, ಅವೇ ಡಬ್ಬಿಗಳನ್ನು ಸರಿಸಿ ಸರಿಸಿ ಬರೆದ. ನೋಡುವುದೆಂದರೆ ಏನು ಎಂಬ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನ ಕೇಳಿದ್ದು ಹೆಚ್ಚಾಗಿ ಇಂಥ ಮೇಜುಗಳ ಮುಂದೆ ನಿಂತು. ನಮ್ಮ ಸಂಗ್ರಹದಲ್ಲಿ ಆ ಕಾಲದ ಭಾವಚಿತ್ರಗಳಿದ್ದವು, ನಿಸರ್ಗಚಿತ್ರಗಳಿದ್ದವು, ಈ ಮೇಜು ಇರಲಿಲ್ಲ.

ಹಿಂಬದಿಗೆ ಬರುತ್ತೇನೆ. ಮರದ ಮೇಲೆ 10 ಎಂಬ ಅಂಕಿ ಒತ್ತಿತ್ತು. ಫ್ರಾನ್ಸ್‌ನಲ್ಲಿ ಸಿದ್ಧ ಕ್ಯಾನ್ವಾಸುಗಳಿಗೆ ನಿಗದಿತ ಅಳತೆಗಳಿದ್ದವು. ಮನುಷ್ಯಾಕೃತಿಯ ಸಾಲಿನ 10ನೇ ಅಳತೆ ಎಂದರೆ 55 ಸೆಂಟಿಮೀಟರ್‌ಗೆ 46. ನಮ್ಮ ಚಿತ್ರ ಅಷ್ಟೇ ಇತ್ತು, ಅಂದರೆ ಅಂಚನ್ನು ಯಾರೂ ಕತ್ತರಿಸಿಲ್ಲ. ಸಹಿಯೂ ಹಿಂದೆಯೇ. ಕ್ಯೂಬಿಸ್ಟರು ಮುಂಬದಿಯಲ್ಲಿ ಸಹಿ ಹಾಕದೆ ಹಿಂದೆ ಹಾಕಿದ ವರ್ಷಗಳಿದ್ದವು, ಆ ಅಭ್ಯಾಸವನ್ನು ಕೆಲವರು ಮುಂದೆಯೂ ಇಟ್ಟುಕೊಂಡರು. ಹರಿದ ಒಂದು ಚೀಟಿ, ಅದರ ಪಕ್ಕ ನೀಲಿ ಕ್ರೇಯಾನ್‌ನಲ್ಲಿ ಬರೆದ ಒಂದು ಸಂಖ್ಯೆ. ವ್ಯಾಪಾರಿಯ ದಾಸ್ತಾನಿನ ಸಂಖ್ಯೆ ಅದು.

ಚೀಟಿ ಕಂಡ ಕೂಡಲೇ ಹಿಗ್ಗಬಾರದು. ವೋಲ್ಫ್‌ಗಾಂಗ್ ಬೆಲ್ಟ್ರಾಕ್ಕಿ ಎಂಬ ಜರ್ಮನ್ ನಕಲುಗಾರ ತನ್ನ ನಕಲಿ ಚಿತ್ರಗಳ ಬೆನ್ನಿಗೆ, ನಾಜಿಗಳಿಂದ ಓಡಿಹೋಗಬೇಕಾದ ಕಲಾವ್ಯಾಪಾರಿ ಆಲ್ಫ್ರೆಡ್ ಫ್ಲೆಕ್ಟ್‌ಹೈಮ್‌ನ ಹೆಸರಿನ ಚೀಟಿಗಳನ್ನು ತಾನೇ ತಯಾರಿಸಿ ಅಂಟಿಸಿದ್ದ. ತಜ್ಞರು ನಂಬಿದರು. 1914ರದೆಂದು ಹೇಳಿ, ಜರ್ಮನ್ ಚಿತ್ರಕಾರ ಕಾಂಪೆನ್‌ಡಾಂಕ್ ಹೆಸರಿನಲ್ಲಿ 2006ರಲ್ಲಿ ಹರಾಜಾದ ಚಿತ್ರವೊಂದರಲ್ಲಿ ಟೈಟಾನಿಯಂ ಬಿಳಿ ಸಿಕ್ಕಿತು. 1914ರಲ್ಲಿ ಕಲಾವಿದರ ಕೈಗೆ ಆ ಬಣ್ಣ ಬಂದೇ ಇರಲಿಲ್ಲ. 2011ರಲ್ಲಿ ಅವನಿಗೆ ಶಿಕ್ಷೆಯಾಯಿತು. ಆ ಪ್ರಕರಣದ ನಂತರ ನಮ್ಮ ಕಸುಬಿನವರು ಬಿಳಿಯನ್ನು ಮೊದಲು ಕೇಳುತ್ತೇವೆ. ಬಣ್ಣಕ್ಕೆ ಮುಟ್ಟದೆಯೇ ಅದರಲ್ಲಿನ ಧಾತುಗಳನ್ನು ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರವನ್ನು ಹನ್ನೆರಡು ಕಡೆ ಇಟ್ಟು ನೋಡಿದೆವು. ಹಳೆಯ ಬಿಳಿ ಬಣ್ಣಗಳ ಸೀಸ ಸಿಕ್ಕಿತು, ಸತು ಸಿಕ್ಕಿತು, ಟೈಟಾನಿಯಂ ಎಲ್ಲೂ ಇಲ್ಲ. 1920ರ ದಶಕದ ಚಿತ್ರದಲ್ಲಿ ಟೈಟಾನಿಯಂ ಇದ್ದರೂ ಅದೊಂದರಿಂದಲೇ ಸುಳ್ಳೆನ್ನಲಾಗದು, ಇಲ್ಲದಿದ್ದರೆ ಅದೊಂದರಿಂದಲೇ ನಿಜವೂ ಅಲ್ಲ. ನೇರಳಾತೀತ ಬೆಳಕಿನಲ್ಲಿ ಕ್ಯಾನ್ವಾಸಿನ ದಾರ ನೀಲಿಯಾಗಿ ಹೊಳೆಯಲಿಲ್ಲ. ಎರಡನೆಯ ಮಹಾಯುದ್ಧದ ನಂತರದ ಬಟ್ಟೆಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದ್ದರೆ ಹಾಗೆ ಹೊಳೆಯುತ್ತದೆ. ಹಳೆಯ ವಾರ್ನಿಶ್ ತೋರಿಸುವ ಹಸಿರು ಮಬ್ಬೂ ಕಾಣಲಿಲ್ಲ. ಕೆಳ ಎಡಮೂಲೆಯಲ್ಲಿ ಹೆಬ್ಬೆರಳುಗುರಿನಷ್ಟು ಜಾಗ ಮಾತ್ರ ಕಪ್ಪಾಗಿ ಕಂಡಿತು, ಯಾರೋ ನಂತರ ತೇಪೆ ಹಚ್ಚಿದ ಬಣ್ಣ ಅದು.

ನನ್ನ ಮನಸ್ಸು ಗಟ್ಟಿಯಾದದ್ದು ಎಕ್ಸ್‌ರೇ ಫಿಲ್ಮ್ ನೋಡಿದಾಗ. ಪತ್ರಿಕೆಯ ಕೆಳಗೆ ಒಂದು ದುಂಡು ಬಟ್ಟಲು ಇತ್ತು. ಅವನು ಮೊದಲು ಬಟ್ಟಲು ಬರೆದಿದ್ದ, ಹೂಜಿಯ ಹೊಟ್ಟೆಗೂ ಬಟ್ಟಲಿಗೂ ಎರಡು ದುಂಡು ಜಾಸ್ತಿಯಾಯಿತೆಂದೋ ಏನೋ, ಅದನ್ನು ಮುಚ್ಚಿ ಚೂಪು ಮೂಲೆಗಳ ಪತ್ರಿಕೆ ತಂದ. ನಕಲು ಮಾಡುವವನಿಗೆ ಮುಗಿದ ಚಿತ್ರ ಗೊತ್ತಿರುತ್ತದೆ, ಇಂಥ ತಡವರಿಕೆ ಅವನಿಗೆ ಬರುವುದು ಕಡಿಮೆ.

ಇನ್ನು ಒಡೆತನದ ಚರಿತ್ರೆ. ಹದಿನಾಲ್ಕು ತಿಂಗಳಲ್ಲಿ ಒಂಬತ್ತು ತಿಂಗಳು ತಿಂದದ್ದು ಇದೇ. ಮೊದಲ ವ್ಯಾಪಾರಿ ಗೊತ್ತಿತ್ತು, ಅವನಿಂದ ಕೊಂಡ ಕುಟುಂಬ ಗೊತ್ತಿತ್ತು, ಯುದ್ಧ ಮುಗಿದು ಕೆಲವು ವರ್ಷಗಳ ನಂತರದ ಹರಾಜಿನ ಪಟ್ಟಿ ಸಿಕ್ಕಿತ್ತು. ನಡುವೆ, 1930ರ ದಶಕದ ಮಧ್ಯದಿಂದ ಆ ಹರಾಜಿನವರೆಗೆ, ಏನೂ ಇಲ್ಲ. ಯುರೋಪಿನಲ್ಲಿದ್ದ ಯಾವುದೇ ಕಲಾಕೃತಿಗೆ 1933ರಿಂದ 1945ರವರೆಗಿನ ಕಾಗದ ಇಲ್ಲವೆಂದರೆ ನಮ್ಮ ಎದೆ ಧಸಕ್ಕೆನ್ನುತ್ತದೆ. ಜರ್ಮನಿಯ ಮ್ಯೂಸಿಯಂಗಳಿಂದ ಸುಮಾರು 20 ಸಾವಿರ ಆಧುನಿಕ ಕೃತಿಗಳನ್ನು ಕೀಳು ಕಲೆ ಎಂದು ನಾಜಿಗಳು ಎತ್ತಿಕೊಂಡರು, 1937ರಲ್ಲಿ ಮ್ಯೂನಿಕ್‌ನಲ್ಲಿ ಕೆಲವನ್ನು ಅವಮಾನಿಸಲೆಂದೇ ಪ್ರದರ್ಶನಕ್ಕಿಟ್ಟರು. ಪ್ಯಾರಿಸ್ ಅವರ ವಶವಾದ ಮೇಲೆ ಯಹೂದಿ ಕುಟುಂಬಗಳ, ವ್ಯಾಪಾರಿಗಳ ಸಂಗ್ರಹಗಳನ್ನು ಲೂಟಿ ಮಾಡಿ ಝೂ ದ ಪೋಮ್ ಕಟ್ಟಡದಲ್ಲಿ ರಾಶಿ ಹಾಕಿದರು. ಅಲ್ಲಿ ಕೆಲಸಕ್ಕಿದ್ದ ರೋಸ್ ವಾಲಾಂ ಎಂಬ ಮಹಿಳೆ ಜೀವದ ಹಂಗು ತೊರೆದು ಯಾವ ಕೃತಿ ಎಲ್ಲಿಗೆ ಹೋಯಿತೆಂದು ಗುಟ್ಟಾಗಿ ಬರೆದಿಟ್ಟಳು. ಇಂದು ನಾವು ಹುಡುಕುವ ದಾಖಲೆಗಳ ಹಿಂದೆ ಅವಳ ಆ ಟಿಪ್ಪಣಿಗಳೂ ಇವೆ. 1998ರಲ್ಲಿ ವಾಷಿಂಗ್ಟನ್‌ನಲ್ಲಿ 44 ಸರ್ಕಾರಗಳು ಇಂಥ ಕೃತಿಗಳನ್ನು ಪತ್ತೆಹಚ್ಚಿ, ಮೂಲ ಒಡೆಯರ ಜೊತೆ ನ್ಯಾಯವಾದ ಇತ್ಯರ್ಥಕ್ಕೆ ಬರಬೇಕೆಂದು ಒಪ್ಪಿಕೊಂಡವು. ಕಾಗದ ಸಿಗದಿದ್ದರೆ ಚಿತ್ರ ಎಷ್ಟೇ ಚೆನ್ನಾಗಿರಲಿ, ನಾವು ಕೊಳ್ಳಬಾರದು. ಇದರಲ್ಲಿ ನನಗೆ ಎರಡು ಮನಸ್ಸಿರಲಿಲ್ಲ. ಇನ್ನೊಬ್ಬರ ಮನೆಯಿಂದ ಕಿತ್ತುಕೊಂಡ ಹೂಜಿಯನ್ನು ಗೋಡೆಗೆ ಹಾಕಿ, ಅದರ ಮೈ ಹೇಗಿದೆ ನೋಡಿ ಎಂದು ಯಾರಿಗೆ ಹೇಳಲಿ?

ಲೂಟಿಯಾದ ಕೃತಿಗಳ ದತ್ತಾಂಶಗಳಲ್ಲಿ ಹುಡುಕಿದೆವು, ಕಳುವಾದ ಕೃತಿಗಳ ನೋಂದಣಿಗಳಲ್ಲಿ ಹುಡುಕಿದೆವು. ಎಲ್ಲೂ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲ ಅಂದರೆ ಲೂಟಿಯಾಗಿಲ್ಲ ಎಂದಲ್ಲ, ಯಾರೂ ದೂರು ಕೊಡಲು ಉಳಿಯದ ಕುಟುಂಬಗಳೂ ಇದ್ದವು. ಕುಟುಂಬದ ಹೆಸರನ್ನು ಹಿಡಿದು ಪತ್ರ ಬರೆದೆವು, ಉತ್ತರಕ್ಕೆ ಕಾದೆವು. ಮಾರಾಟಗಾರರ ಕಡೆಯವರು ಬೇಸರಪಟ್ಟರು. ಇನ್ನೊಬ್ಬರು ಕೇಳುತ್ತಿದ್ದಾರೆ, ಎಷ್ಟು ದಿನ ಕಾಯಬೇಕು ಎಂದರು. ನಮ್ಮ ನಿರ್ದೇಶಕರು, ಕೊಡುವುದಾದರೆ ಕೊಡಿ, ನಮಗೆ ಕಾಗದ ಬೇಕು ಎಂದು ಶಾಂತವಾಗಿ ಹೇಳಿದರು. ಆ ದಿನ ಅವರ ಮೇಲೆ ನನಗಿದ್ದ ಗೌರವ ಇನ್ನಷ್ಟು ಹೆಚ್ಚಿತು.

ಎಳೆ ಸಿಕ್ಕಿದ್ದು ಮತ್ತೆ ಹಿಂಬದಿಯಲ್ಲೇ. ಮೇಲಿನ ಮರದ ಪಟ್ಟಿಗೆ ಕಂದು ಬಣ್ಣದ ಕಾಗದದ ಟೇಪು ಸುತ್ತಿತ್ತು. ಅಂಚು ಸ್ವಲ್ಪ ಎದ್ದಿದ್ದ ಕಡೆ ಟಾರ್ಚ್ ಹಿಡಿದರೆ ಒಳಗೆ ಇನ್ನೊಂದು ಕಾಗದದ ಬಣ್ಣ ಕಂಡಿತು. ಮಾರಾಟಗಾರರ ಲಿಖಿತ ಒಪ್ಪಿಗೆ ಪಡೆದು, ನೀರಿನ ಹದವಾದ ತೇವವನ್ನು ಜೆಲ್ ಮೂಲಕ ಕೊಟ್ಟು, ಎರಡು ದಿನದಲ್ಲಿ ಟೇಪನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿದೆ. ಕೆಳಗೆ ಸರಕು ಸಾಗಿಸುವ ಕಂಪನಿಯೊಂದರ ಚೀಟಿ, ಅದರ ಮೇಲೆ ಪೆಟ್ಟಿಗೆಯ ಸಂಖ್ಯೆ. ಆ ಕಂಪನಿಯ ಲೆಕ್ಕದ ಪುಸ್ತಕಗಳು ಒಂದು ದಾಖಲಾಗಾರದಲ್ಲಿ ಉಳಿದಿದ್ದವು. ಐದು ವಾರದ ನಂತರ ಒಂದು ಪುಟದ ಫೋಟೊ ಬಂತು. ಪೆಟ್ಟಿಗೆಯ ಸಂಖ್ಯೆ, ಅದೇ ಕುಟುಂಬದ ಹೆಸರು, ಒಳಗಿರುವ ವಸ್ತುಗಳ ಪಟ್ಟಿಯಲ್ಲಿ ಹೂಜಿಯ ಚಿತ್ರ ಒಂದು ಎಂಬ ಸಾಲು, ಅಳತೆ 55ಕ್ಕೆ 46. ಯುದ್ಧ ಶುರುವಾಗುವ ಮೊದಲೇ ಆ ಮನೆಯವರು ತಮ್ಮ ಸಾಮಾನಿನ ಜೊತೆ ಅದನ್ನು ಸಮುದ್ರದಾಚೆಗೆ ಒಯ್ದಿದ್ದರು. ಯುದ್ಧದ ನಂತರ ಹರಾಜಿಗೆ ಕೊಟ್ಟವರೂ ಅವರೇ ಎಂಬುದಕ್ಕೆ ಹರಾಜಿನವರ ಕಡತದಲ್ಲಿ ಪತ್ರವಿತ್ತು. ಆ ಪುಟದ ಫೋಟೊ ಪರದೆಯ ಮೇಲೆ ತೆರೆದಾಗ ಕ್ಯುರೇಟರ್ ಮತ್ತು ನಾನು ಬಹಳ ಹೊತ್ತು ಮಾತಾಡಲಿಲ್ಲ.

ಗಿಟಾರಿನ ಚಿತ್ರಕ್ಕೆ ಇಂಥ ಹುಡುಕಾಟ ಶುರುವಾಗುವ ದಾರಿಯೇ ಇರಲಿಲ್ಲ. ಲೈನಿಂಗ್ ಮಾಡಿದವರು ಮೈಯ ಜೊತೆ ಚೀಟಿಗಳನ್ನೂ ಕಳೆದಿದ್ದರು.

ಸಮಿತಿಯ ಸಭೆಗೆ ನಾನು ಸ್ಲೈಡ್ ತೋರಿಸಲಿಲ್ಲ. ಎರಡೂ ಚಿತ್ರಗಳನ್ನು ಮತ್ತೆ ತರಿಸಿ, ಕೋಣೆ ಕತ್ತಲು ಮಾಡಿ, ಟಾರ್ಚನ್ನು ಸದಸ್ಯರ ಕೈಗೇ ಕೊಟ್ಟೆ. ಒಬ್ಬೊಬ್ಬರೂ ಬಗ್ಗಿ, ಓರೆಯಾಗಿ ಬೆಳಕು ಹಾಯಿಸಿ ನೋಡಿದರು. ಹಿರಿಯ ಸದಸ್ಯರೊಬ್ಬರು, "ಇದಕ್ಕೂ ವಾರ್ನಿಶ್ ಹಚ್ಚಿದರೆ ಹೊಳೆಯುತ್ತಲ್ಲ, ಹಚ್ಚಬಾರದೇಕೆ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ ಅದು, ಮನಸ್ಸಿಟ್ಟು ಕೇಳಿದ್ದು. "ಸರ್, ಮೇಜಿನ ಬೂದಿನಲ್ಲಿ ಮರಳಿದೆ. ವಾರ್ನಿಶ್ ಅದರ ಸಂದಿಗಳಲ್ಲಿ ಇಳಿದರೆ ಮತ್ತೆ ತೆಗೆಯಲು ಬರುವುದಿಲ್ಲ. ಲೋಟ ಮಾತ್ರ ಸ್ವಲ್ಪ ಹೊಳೆಯಲಿ, ಉಳಿದದ್ದು ಹೊಳೆಯದಿರಲಿ ಎಂದು ಅವನು ಬೇರೆ ಬೇರೆ ಬಣ್ಣ ಕಲಸಿದ್ದಾನೆ," ಎಂದೆ. ಅವರು ಮತ್ತೆ ಹೋಗಿ ಲೋಟವನ್ನೇ ನೋಡಿಕೊಂಡು ನಿಂತರು. ನಂತರ, ಹಾಗಾದರೆ ಮುಂದೆ ಯಾರೂ ಹಚ್ಚದಂತೆ ನಿರ್ಣಯದಲ್ಲೇ ಬರೆಯಿರಿ ಎಂದವರೂ ಅವರೇ. ವಾರ್ನಿಶ್ ಹಚ್ಚತಕ್ಕದ್ದಲ್ಲ, ಲೈನಿಂಗ್ ಮಾಡತಕ್ಕದ್ದಲ್ಲ ಎಂಬ ಸಾಲು ಖರೀದಿಯ ನಿರ್ಣಯದಲ್ಲಿದೆ. ಕಡತದ ಮೊದಲ ಪುಟದಲ್ಲೂ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಒಪ್ಪಂದ, ವಿಮೆ, ಹಣ ಪಾವತಿ ಇವೆಲ್ಲ ವಕೀಲರ ಕೆಲಸ. ಒಂದನ್ನು ಮಾತ್ರ ಹೇಳುತ್ತೇನೆ, ಹಲವರಿಗೆ ಇದು ಗೊತ್ತಿರುವುದಿಲ್ಲ: ಚಿತ್ರ ಕೊಂಡರೆ ಅದರ ಕೃತಿಸ್ವಾಮ್ಯ ಜೊತೆಗೆ ಬರುವುದಿಲ್ಲ. ಕಲಾವಿದ ತೀರಿಕೊಂಡ ವರ್ಷದಿಂದ ಲೆಕ್ಕ ಹಾಕಬೇಕು. ಯುರೋಪಿನ ಹಲವು ದೇಶಗಳಲ್ಲಿ ಅದು 70 ವರ್ಷ. 1927ರಲ್ಲಿ ತೀರಿಕೊಂಡ ಹುವಾನ್ ಗ್ರಿಸ್‌ನ ಚಿತ್ರವನ್ನು ಅಲ್ಲಿ ಅಚ್ಚು ಹಾಕಲು ಅಡ್ಡಿಯಿಲ್ಲ, 1973ರಲ್ಲಿ ತೀರಿಕೊಂಡ ಪಿಕಾಸೊನದಕ್ಕೆ ಅನುಮತಿ ಬೇಕು.

ಕೊಂಡ ಚಿತ್ರದ ಪೆಟ್ಟಿಗೆ ಬಂದ ದಿನ ಎಲ್ಲರಿಗೂ ತೆರೆಯುವ ಆತುರ. ನಾನು ಬಿಡಲಿಲ್ಲ. ಒಳಗಿನ ಗಾಳಿ ಹೊರಗಿನ ಹದಕ್ಕೆ ಬರಲು 24 ಗಂಟೆ ಬೇಕು. ಮರುದಿನ ತೆರೆದು, ಹೊರಡುವಾಗ ತೆಗೆದ ಫೋಟೊಗಳ ಜೊತೆ ಅಂಗುಲ ಅಂಗುಲ ಹೋಲಿಸಿದೆವು. ಹೊಸ ಬಿರುಕಿರಲಿಲ್ಲ.

ಹಳೆಯ ತೊಂದರೆ ಮಾತ್ರ ಇತ್ತು. ಪತ್ರಿಕೆಯ ಬಿಳಿ ಸತುವಿನ ಬಿಳಿ. ಎಣ್ಣೆಯಲ್ಲಿ ಅರೆದ ಸತುವಿನ ಬಿಳಿ ವರ್ಷ ಕಳೆದಂತೆ ಪೆಡಸಾಗುತ್ತದೆ, ತಳದಿಂದ ಬಿಟ್ಟುಕೊಂಡು ಹಕ್ಕಳೆ ಏಳುತ್ತದೆ. ಹೂಜಿಗೆ ತಾಗಿದ ಕಡೆ ಏಳೆಂಟು ಹಕ್ಕಳೆಗಳು ಎದ್ದಿದ್ದವು. ಅವನ್ನು ಕೂರಿಸಲೇಬೇಕು, ಆದರೆ ಯಾವ ಅಂಟು ಹಾಕಿದರೂ ಒಣ ಬಣ್ಣ ಅದನ್ನು ಹೀರಿ ಕಪ್ಪಾಗುವ ಭಯ. ಫ್ರೇಮಿನ ಅಡಿ ಮುಚ್ಚಿಹೋಗುವ ಅಂಚಿನಲ್ಲಿ ಮೊದಲು ಸ್ಟರ್ಜನ್ ಮೀನಿನ ಅಂಟನ್ನು ಕುಂಚದ ತುದಿಯಿಂದ ಹಾಕಿ ನೋಡಿದೆ. ಒಣಗಿದ ಮೇಲೆ ಸಾಸಿವೆ ಕಾಳಿನಷ್ಟು ಹೊಳೆಯುವ ಉಂಗುರ ಉಳಿಯಿತು. ಅಷ್ಟು ಸಣ್ಣ ಹೊಳಪೇ ಆ ಬಿಳಿಯಲ್ಲಿ ಕಣ್ಣಿಗೆ ಚುಚ್ಚಿತು. ಆಮೇಲೆ ಫುನೊರಿ ಎಂಬ ಕಡಲಪಾಚಿಯ ಅಂಟಿಗೆ ಬದಲಾಯಿಸಿದೆ. ಜಪಾನಿನಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿರುವ ಇದು ಒಣಗಿದರೆ ಹೊಳೆಯುವುದಿಲ್ಲ. ತೀರ ತೆಳುವಾಗಿ ಕಲಸಿ, ಮಂಜಿನ ಹಾಗೆ ಸಿಂಪಡಿಸುವ ಉಪಕರಣದಿಂದ ಒಂದೊಂದು ಹಕ್ಕಳೆಯ ಅಡಿಗೂ ಹಲವು ಸಲ ಕೊಟ್ಟೆ. ಹಿಡಿತ ಮೀನಿನ ಅಂಟಿನಷ್ಟು ಬಲವಾಗಿಲ್ಲ, ಇದನ್ನು ವರದಿಯಲ್ಲಿ ಹೇಳಿದ್ದೇನೆ. ಬಲ ಸ್ವಲ್ಪ ಕಡಿಮೆಯಾದರೂ ಬಿಳಿ ಬಿಳಿಯಾಗಿ ಉಳಿಯಲಿ ಎಂದು ಆರಿಸಿಕೊಂಡೆ.

ಧೂಳಿನ ವಿಷಯ ಇನ್ನೂ ಸೂಕ್ಷ್ಮ. ವಾರ್ನಿಶ್ ಇದ್ದ ಚಿತ್ರದಲ್ಲಿ ಕೊಳೆ ವಾರ್ನಿಶ್ ಮೇಲೆ ಕೂರುತ್ತದೆ, ಇಲ್ಲಿ ನೇರ ಬಣ್ಣದ ಮೇಲೆ ಕೂತಿರುತ್ತದೆ. ಹತ್ತಿಯ ತುದಿಯನ್ನು ನೀರಿನಲ್ಲಿ ಅದ್ದಿ ನೀಲಿಗಪ್ಪಿನ ಒಂದು ಮೂಲೆಗೆ ಒತ್ತಿದೆ. ಹತ್ತಿ ನೀಲಿಯಾಯಿತು. ಅಲ್ಲಿಗೆ ನೀರಿನ ಮಾತು ಮುಗಿಯಿತು. ಮುಖಕ್ಕೆ ಮೇಕಪ್ ಹಚ್ಚುವ ಮೆತ್ತನೆಯ ಸ್ಪಂಜಿನ ಚೂರುಗಳನ್ನು ತೊಳೆದು ಒಣಗಿಸಿ, ಉಜ್ಜದೆ, ಒತ್ತಿ ಎತ್ತಿ ಒತ್ತಿ ಎತ್ತಿ ಧೂಳು ತೆಗೆದೆ. ಮರಳಿದ್ದ ಮೇಜನ್ನು ಸ್ಪಂಜಿನಿಂದಲೂ ಮುಟ್ಟಲಿಲ್ಲ, ಮೃದುವಾದ ಕುಂಚದಿಂದ ಧೂಳನ್ನು ಸಣ್ಣ ವ್ಯಾಕ್ಯೂಮಿನ ಕಡೆಗೆ ತಳ್ಳಿದೆ. ಹನ್ನೊಂದು ದಿನದ ಕೆಲಸ. ಮೊದಲು ಮತ್ತು ನಂತರದ ಫೋಟೊ ಇಟ್ಟು ನೋಡಿದವರಿಗೆ ವ್ಯತ್ಯಾಸ ಬೇಗ ಹೊಳೆಯುವುದಿಲ್ಲ. ಪತ್ರಿಕೆಯ ಬಿಳಿಗೂ ಹಿಡಿಯ ಖಾಲಿ ಪ್ರೈಮರಿನ ಬಿಳಿಗೂ ಇರುವ ಭೇದ ಈಗ ಕಾಣುತ್ತದೆ, ಮೊದಲು ಕಾಣುತ್ತಿರಲಿಲ್ಲ. ನನಗೆ ಅಷ್ಟು ಸಾಕು.

ಬಂದಾಗ ಅದಕ್ಕೆ ಕೆತ್ತನೆಯ ಚಿನ್ನದ ಫ್ರೇಮ್ ಇತ್ತು, ಯಾರೋ ಒಡೆಯರು ನಂತರ ಹಾಕಿಸಿದ್ದು. ಅದನ್ನು ಎಸೆಯಲಿಲ್ಲ, ಸಂಖ್ಯೆ ಕೊಟ್ಟು ಉಗ್ರಾಣದಲ್ಲಿಟ್ಟಿದ್ದೇವೆ. ಈಗಿರುವುದು ಬಣ್ಣ ಕಾಣದ ಸಾದಾ ಮರದ ಪಟ್ಟಿ. ಗಾಜು ಹಾಕಬೇಕೋ ಬೇಡವೋ ಎಂದು ಕ್ಯುರೇಟರ್ ಜೊತೆ ವಾರಗಟ್ಟಲೆ ವಾದವಾಯಿತು. ವಾರ್ನಿಶ್ ಬೇಡವೆಂದು ಇಷ್ಟೆಲ್ಲ ಹೋರಾಡಿ ಕೊನೆಗೆ ಗಾಜಿನ ಹೊಳಪನ್ನು ನಾವೇ ಮುಂದೆ ತಂದಿಡುವುದೇ ಎಂಬ ಅವರ ಮಾತು ನನಗೂ ನಾಟಿತು. ಆದರೆ ಒರೆಸಲು ಬಾರದ ಮೈಗೆ ಧೂಳು ಕೂರಲು ಬಿಡುವುದು ನನ್ನಿಂದಾಗದು. ಪ್ರತಿಫಲನ ತೀರ ಕಡಿಮೆ ಇರುವ ಗಾಜನ್ನು ತರಿಸಿದೆವು. ಬೆಳಕು 150 ಲಕ್ಸ್, ಗಾಳಿಯ ತೇವಾಂಶ 45ರಿಂದ 55 ಶೇಕಡಾ. ದೀಪವನ್ನು ನೇರ ಎದುರಿಗೆ ಇಡದೆ ಸ್ವಲ್ಪ ಬದಿಗೆ ಸರಿಸಿ, ಮೇಜಿನ ಮರಳು ಕಣ್ಣಿಗೆ ಕಾಣುವಷ್ಟು ನೆರಳು ಬೀಳುವ ಕೋನ ಸಿಗುವವರೆಗೆ ಎಲೆಕ್ಟ್ರಿಷಿಯನ್ ಏಣಿಯಿಂದ ಇಳಿಯಲಿಲ್ಲ. ಅವರ ತಾಳ್ಮೆಗೆ ನಾನು ಋಣಿ.

ಪಕ್ಕದ ಫಲಕದಲ್ಲಿ ಕಲಾವಿದನ ಹೆಸರು, ಮಾಧ್ಯಮ, ವರ್ಷ ಇವುಗಳ ಕೆಳಗೆ ಒಂದು ಸಾಲು ಸೇರಿಸಲು ಕೇಳಿಕೊಂಡೆ: ಈ ಚಿತ್ರಕ್ಕೆ ವಾರ್ನಿಶ್ ಹಚ್ಚಿಲ್ಲ, ಬದಿಯಿಂದಲೂ ನೋಡಿ. ಒಡೆತನದ ಚರಿತ್ರೆಯನ್ನೂ ಚಿಕ್ಕದಾಗಿ ಹಾಕಿದ್ದೇವೆ, ಸಮುದ್ರ ದಾಟಿದ ಆ ಪೆಟ್ಟಿಗೆಯ ಸಮೇತ.

ಮೊದಲ ಆರು ತಿಂಗಳ ತಪಾಸಣೆ ಕಳೆದ ವಾರ ಮುಗಿಯಿತು. ಬೆಳಗ್ಗೆ ಬಾಗಿಲು ತೆರೆಯುವ ಮೊದಲು ಗಾಜು ಬಿಚ್ಚಿ, ಅದೇ ಟಾರ್ಚು, ಅದೇ ಕೋನ, ಮೊದಲ ದಿನದ ಫೋಟೊ ಪಕ್ಕದಲ್ಲಿ. ಕೂರಿಸಿದ ಹಕ್ಕಳೆಗಳು ಕೂತಲ್ಲೇ ಇವೆ. ಹೂಜಿಯ ಹಿಡಿಯ ಹತ್ತಿರ, ಪತ್ರಿಕೆಯ ಮೂಲೆಯಲ್ಲಿ, ಹೊಸದಾಗಿ ಒಂದರ ಅಂಚು ಕೂದಲೆಳೆಯಷ್ಟು ಎದ್ದಂತಿದೆ. ನಕ್ಷೆಯಲ್ಲಿ ಗುರುತು ಹಾಕಿದ್ದೇನೆ. ಅದನ್ನು ಇನ್ನು ಆರು ತಿಂಗಳ ಬದಲು ಎರಡು ತಿಂಗಳಿಗೊಮ್ಮೆ ನೋಡುತ್ತೇನೆ.